ಬ್ಯಾಟನ್ನು ಇಟ್ಟು ಮತ್ತೆ ಹಿಡಿದವರು: ಚಾರ್ಲ್ಸ್ ಸ್ಟಡ್ಡರ ಚರಿತ್ರೆ

ಕೆಂಗೇರಿಯನ್ನು ದಾಟಿ ಮೈಸೂರಿಗೆ ಹೋಗುವ ದಾರಿಯ ಬದಿಯ ಹಳ್ಳಿಗಳಲ್ಲಿ, ಸುಗ್ಗಿ ಮುಗಿದ ಬಳಿಕ ಹುಡುಗರು ಕೆರೆಯಂಗಳದಲ್ಲಿಯೂ ಕೊಯ್ದ ರಾಗಿಹೊಲದಲ್ಲಿಯೂ ಮೂರು ಕೋಲುಗಳನ್ನು ನೆಟ್ಟು ಕ್ರಿಕೆಟ್ ಎಂಬ ಚೆಂಡಾಟವನ್ನು ಆಡುವದನ್ನು ನಮ್ಮ ಓದುಗರೆಲ್ಲರೂ ಕಂಡಿದ್ದಾರೆ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳಿಂದಲೂ ಹುಡುಗರು ತಂಡ ಕಟ್ಟಿಕೊಂಡು ಬಂದು ಇಲ್ಲಿಯವರ ಸಂಗಡ ಪಂದ್ಯ ಆಡುವದುಂಟು. ಕಳೆದ ವರುಷ ಇಂಥಾ ಒಂದು ಶನಿವಾರದಲ್ಲಿ ನಮ್ಮ ಸಭೆಗೆ ಸೇರಿದ ಒಬ್ಬ ತಂದೆಯು ಬೆಳಗಿನಿಂದ ಸಾಯಂಕಾಲದ ವರೆಗೂ ಆ ಬೈಲಿನ ಬದಿಯ ಹುಣಿಸೇಮರದ ಕೆಳಗೆ ಕೂತಿದ್ದನು. ಕಡಲೇಕಾಯಿ ತಿಂದನು, ಚಪ್ಪಾಳೆ ಹೊಡೆದನು. ಒಬ್ಬ ಚಿಕ್ಕ ಹುಡುಗನು ಚೆಂಡನ್ನು ಕೆರೆಯೇರಿಯ ಆಚೆಗೆ ಹೊಡೆದಾಗ ಗಟ್ಟಿಯಾಗಿ ನಕ್ಕನು. ಈತನು ತನ್ನ ಆರು ವರುಷದ ಮಗನನ್ನು ಮಣ್ಣಿಗೆ ಒಪ್ಪಿಸಿ ಆಗ ಎರಡು ತಿಂಗಳು ತುಂಬಿರಲಿಲ್ಲ.

ಈ ಸಂಗತಿಯು ಹೊತ್ತು ಮುಳುಗುವದರೊಳಗೆ ಊರೆಲ್ಲಾ ಹಬ್ಬಿತು. ಕ್ರೈಸ್ತರಿಗೆ ಸೂತಕವಿಲ್ಲ, ತಿಥಿಯಿಲ್ಲ, ಆದಕಾರಣ ಸತ್ತವರ ಮೇಲೆ ಪ್ರೀತಿಯೂ ಇಲ್ಲವೆಂದು ಅನ್ಯರು ಆಡಿಕೊಂಡರು. ಸಭೆಯ ಹಿರಿಯರಿಗೆ ಅವಮಾನವಾಯಿತು. ನಾವೂ ಅದೇ ರಾತ್ರಿ ಆತನ ಮನೆಗೆ ಹೋಗಿ, ಹೀಗೆ ಮಾಡಿದ್ದು ತಂದೆಯಾದವನಿಗೆ ತಕ್ಕದ್ದಲ್ಲವೆಂದು ಬುದ್ಧಿ ಹೇಳಿದೆವು. ಆತನು ಮರುಮಾತಾಡದೆ ಕೈಮುಗಿದು ತಲೆ ತಗ್ಗಿಸಿಕೊಂಡು ನಿಂತನು. ನಾವು ಹೊರಟು ಬಾಗಿಲ ಬಳಿಗೆ ಬಂದಾಗ ಆತನ ಹೆಂಡತಿಯು ಹಿಂದೆಯೇ ಬಂದು, ಮಗನು ಹೋದ ದಿವಸದಿಂದ ಗಂಡನು ಹೊಟ್ಟೆ ತುಂಬ ಉಂಡದ್ದು ಇದೇ ಮೊದಲೆಂದು ಮೆಲ್ಲಗೆ ಹೇಳಿದಳು. ನಾವು ಮನೆಗೆ ಬಂದೆವು, ನಿದ್ರೆ ಬರಲಿಲ್ಲ. ಮಾಡಿದ ಉಪದೇಶವೇ ನಮ್ಮನ್ನು ಚುಚ್ಚತೊಡಗಿತು.

ಆ ರಾತ್ರಿ ನಮ್ಮ ಮನಸ್ಸಿಗೆ ಬಂದದ್ದು, ವೇದಪಾಠಶಾಲೆಯಲ್ಲಿದ್ದಾಗ ನಾವು ಓದಿದ ಚಾರ್ಲ್ಸ್ ಸ್ಟಡ್ಡರ ಚರಿತ್ರೆಯು. ಚೆಂಡಾಟದಲ್ಲಿ ಲೋಕವೆಲ್ಲಾ ಬಲ್ಲಂಥ ಹೆಸರನ್ನು ಪಡೆದು, ಕರ್ತನ ನಿಮಿತ್ತ ಅದನ್ನು ಬಿಟ್ಟು, ಮಕ್ಕಳನ್ನು ಕಳಕೊಂಡ ದುಃಖವನ್ನೂ ತಿಳಿದು, ನಡುಪ್ರಾಯದಲ್ಲಿ ನಮ್ಮ ಸೀಮೆಗೆ ಹತ್ತಿರವಾದ ನೀಲಗಿರಿಯಲ್ಲಿ ತಿರಿಗಿ ಆ ಆಟದ ಬೈಲಿಗೆ ಇಳಿದ ಮನುಷ್ಯರು ಇವರು. ಕೆಂಗೇರಿಯ ಮೇಲೆ ಹೋಗುವ ಈ ದಾರಿಯೇ ರಾಮನಗರ, ಮಂಡ್ಯ, ಮೈಸೂರುಗಳನ್ನು ದಾಟಿದ ಮೇಲೆ ನಂಜನಗೂಡು, ಗುಂಡ್ಲುಪೇಟೆಗಳ ಮಾರ್ಗವಾಗಿ ಬಂಡೀಪುರದ ಕಾಡನ್ನು ಹಾದು ಉದಕಮಂಡಲದ ಬೆಟ್ಟಕ್ಕೆ ಏರುತ್ತದೆ. ಆದಕಾರಣ ಅವರ ಚರಿತ್ರೆಯನ್ನು ನಮ್ಮ ಸಭೆಗಳಿಗೆ ಪ್ರಯೋಜನವಾಗುವಂತೆ ಸಂಕ್ಷೇಪವಾಗಿ ಬರೆಯುತ್ತೇವೆ.

ಚಾರ್ಲ್ಸ್ ಥಾಮಸ್ ಸ್ಟಡ್ಡರು ೧೮೬೦ನೆಯ ಇಸವಿ ದಶಂಬರ ೨ನೆಯ ತಾರೀಖಿನಲ್ಲಿ ಇಂಗ್ಲೆಂಡಿನ ಸ್ಪ್ರಾಟನ್ ಎಂಬ ಊರಿನಲ್ಲಿ ಹುಟ್ಟಿದರು. ಅವರ ತಂದೆಯಾದ ಎಡ್ವರ್ಡ್ ಸ್ಟಡ್ಡರು ನಮ್ಮ ದೇಶದ ಬಿಹಾರಕ್ಕೆ ಸೇರಿದ ತಿರ್ಹುತ್ ಸೀಮೆಯಲ್ಲಿ ನೀಲಿಯ ತೋಟಗಳನ್ನು ನಡಿಸಿ ಬಹಳ ಹಣ ಕೂಡಿಸಿಕೊಂಡು ಸ್ವದೇಶಕ್ಕೆ ಹಿಂತಿರುಗಿದವರು. ಆ ನೀಲಿಯ ಬೆಳೆಯಲ್ಲಿ ಬಿಹಾರದ ರೈತರ ಬೆವರೂ ಕಣ್ಣೀರೂ ಬೆರೆತಿದ್ದವೆಂಬದನ್ನು ರೈತರಾದ ನಮ್ಮ ಓದುಗರು ಮರೆಯಬಾರದು. ಆ ಹಣದಲ್ಲಿ ಒಂದು ಪಾಲು ನಮ್ಮ ದೇಶಕ್ಕೆ ತಿರಿಗಿ ಬಂದದ್ದನ್ನು ಮುಂದೆ ಹೇಳುವೆವು. ತಂದೆಯು ದೊಡ್ಡ ಬಂಗಲೆಯಲ್ಲಿ ವಾಸವಾಗಿ, ಪಂದ್ಯದ ಕುದುರೆಗಳನ್ನು ಸಾಕಿ, ಸುಖವೇ ಗುರಿಯಾಗಿ ಬದುಕಿದರು. ಹೀಗಿರಲಾಗಿ, ಅಮೆರಿಕಾ ದೇಶದ ಪ್ರಸಿದ್ಧ ಸುವಾರ್ತಿಕರಾದ ಮೂಡಿಯವರು ಲಂಡನಿಗೆ ಬಂದಿದ್ದಾಗ ಒಬ್ಬ ಸ್ನೇಹಿತನು ಇವರನ್ನು ಕೂಟಕ್ಕೆ ಕರಕೊಂಡು ಹೋದನು. ಅಲ್ಲಿ ದೇವರ ವಾಕ್ಯವು ಅವರ ಹೃದಯಕ್ಕೆ ನಾಟಿತು. ಅವರು ಕುದುರೆಪಂದ್ಯವನ್ನು ಬಿಟ್ಟರು. ಬಂಗಲೆಯ ದೊಡ್ಡ ಹಜಾರದಲ್ಲಿ ಪೀಠಗಳನ್ನು ಹಾಕಿಸಿ ನೆರೆಹೊರೆಯವರಿಗೆಲ್ಲಾ ಸುವಾರ್ತೆಯನ್ನು ಸಾರಿಸಿದರು. ಸುಮಾರು ಎರಡು ವರುಷಗಳಾದ ಮೇಲೆ ಕರ್ತನಲ್ಲಿ ನಿದ್ರೆಹೋದರು.

ಕೈನಾಸ್ಟನ್, ಜಾರ್ಜ್, ಚಾರ್ಲ್ಸ್ ಎಂಬ ಮೂವರು ಅಣ್ಣತಮ್ಮಂದಿರು ಈಟನ್ ಎಂಬ ಹೆಸರಾದ ಪಾಠಶಾಲೆಯಲ್ಲಿ ಓದುತ್ತಿದ್ದರು. ತಂದೆಯ ಹೊಸ ಭಕ್ತಿಯು ಅವರಿಗೆ ಮೊದಲು ಭಾರವಾಗಿಯೇ ಕಂಡಿತು. ಒಂದು ಬೇಸಗೆಯಲ್ಲಿ ಅವರ ಮನೆಗೆ ಬಂದ ಒಬ್ಬ ಅತಿಥಿಯು ಒಬ್ಬೊಬ್ಬರನ್ನೇ ಕಂಡು ಮಾತಾಡಿದಾಗ, ಮೂವರೂ ಒಂದೇ ದಿವಸದಲ್ಲಿ, ಒಬ್ಬರಿಗೊಬ್ಬರು ತಿಳಿಯದೆಯೇ, ಕ್ರಿಸ್ತನನ್ನು ಅಂಗೀಕರಿಸಿದರು. ಆದರೆ ಚಾರ್ಲ್ಸರ ಭಕ್ತಿಯು ಆಗ ಕಲ್ಲುನೆಲದ ಮೇಲೆ ಬಿದ್ದ ಬೀಜದಂತೆ ಆಯಿತು. ತಾವು ಕಂಡುಕೊಂಡದ್ದನ್ನು ಮತ್ತೊಬ್ಬರಿಗೆ ಹೇಳದೆ ತಮ್ಮೊಳಗೇ ಇಟ್ಟುಕೊಂಡದ್ದರಿಂದ ಅದು ದಿನೇ ದಿನೇ ತಣ್ಣಗಾಯಿತೆಂದು ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ಸುಮಾರು ಆರು ವರುಷಗಳ ಕಾಲ ಅವರ ಮನಸ್ಸನ್ನು ಆಳಿದ್ದು ಚೆಂಡೂ ಬ್ಯಾಟೂ ಆಗಿದ್ದವು.

ಆ ಆಟದಲ್ಲಿ ಅವರು ಗಳಿಸಿದ ಹೆಸರು ಸಾಮಾನ್ಯವಾದದ್ದಲ್ಲ. ಕೇಂಬ್ರಿಜ್ ವಿದ್ಯಾಪೀಠದ ತಂಡಕ್ಕೆ ೧೮೮೨ರಲ್ಲಿ ಜಾರ್ಜರು, ೧೮೮೩ರಲ್ಲಿ ಚಾರ್ಲ್ಸರು, ೧೮೮೪ರಲ್ಲಿ ಕೈನಾಸ್ಟನ್ನರು, ಹೀಗೆ ಒಡಹುಟ್ಟಿದ ಮೂವರೂ ಸಾಲಾಗಿ ನಾಯಕರಾದರು. ೧೮೮೨ರ ಬೇಸಗೆಯಲ್ಲಿ ಆಸ್ಟ್ರೇಲಿಯಾ ದೇಶದ ತಂಡವು ಇಂಗ್ಲೆಂಡಿಗೆ ಬಂದಾಗ ಕೇಂಬ್ರಿಜಿನ ಹುಡುಗರು ಅವರನ್ನು ಸೋಲಿಸಿದರು. ಅದರಲ್ಲಿ ಚಾರ್ಲ್ಸರೊಬ್ಬರೇ ೧೧೮ ರನ್ನುಗಳನ್ನು ಹೊಡೆದಿದ್ದರು. ಆ ಒಂದೇ ವರುಷದಲ್ಲಿ ಸಾವಿರ ರನ್ನುಗಳನ್ನು ಹೊಡೆದದ್ದಲ್ಲದೆ ನೂರು ವಿಕೆಟ್ಟುಗಳನ್ನೂ ಕೆಡವಿದರು. ಇಪ್ಪತ್ತೊಂದು ವರುಷದ ಆ ಯುವಕನ ಹೆಸರು ದೇಶದ ಹುಡುಗರೆಲ್ಲರ ನಾಲಿಗೆಯ ಮೇಲೆ ಇತ್ತು.

ಅದೇ ವರುಷ ಆಗಸ್ಟ್ ತಿಂಗಳ ೨೮ ಮತ್ತು ೨೯ನೆಯ ತಾರೀಖುಗಳಲ್ಲಿ ಲಂಡನಿನ ಓವಲ್ ಎಂಬ ಬೈಲಿನಲ್ಲಿ ಇಂಗ್ಲೆಂಡಿನವರಿಗೂ ಆಸ್ಟ್ರೇಲಿಯಾದವರಿಗೂ ನಡೆದ ಪಂದ್ಯವನ್ನು ಇಂದಿಗೂ ಜನರು ಮರೆತಿಲ್ಲ. ಕಡೆಯ ಸರದಿಯಲ್ಲಿ ಇಂಗ್ಲೆಂಡಿನವರು ಗೆಲ್ಲಲಿಕ್ಕೆ ಬೇಕಾದದ್ದು ೮೫ ರನ್ನುಗಳು ಮಾತ್ರ. ಎರಡೇ ವಿಕೆಟ್ಟುಗಳಿಗೆ ೫೧ ರನ್ನುಗಳಾದಾಗ ಗೆಲವು ಕೈಗೆ ಬಂದಂತೆ ಎಲ್ಲರೂ ಸಂತೋಷಪಟ್ಟರು. ಆಗ ಆಸ್ಟ್ರೇಲಿಯಾದ ಸ್ಪಾಫರ್ತ್ ಎಂಬ ಬೋಲರನು ಒಬ್ಬರ ಹಿಂದೆ ಒಬ್ಬರನ್ನು ಉರುಳಿಸುತ್ತಾ ಬಂದನು. ಚಾರ್ಲ್ಸರನ್ನು ಹತ್ತನೆಯವರಾಗಿ ಕಳುಹಿಸಿದರು. ಅವರು ಒಂದು ಚೆಂಡನ್ನಾದರೂ ಎದುರಿಸುವ ಮೊದಲೇ ಎದುರು ಬದಿಯಲ್ಲಿದ್ದ ಕಡೆಯವನು ಔಟಾದನು. ೭೭ ರನ್ನುಗಳಿಗೆ ಎಲ್ಲರೂ ಮುಗಿದರು. ಏಳು ರನ್ನುಗಳಿಂದ ಇಂಗ್ಲೆಂಡ್ ಸೋತಿತು. ದೇಶದಲ್ಲೆಲ್ಲಾ ಹೊಗಳಿಸಿಕೊಂಡಿದ್ದ ಸ್ಟಡ್ಡರು ಬ್ಯಾಟನ್ನು ಕೈಯಲ್ಲಿ ಹಿಡಿದುಕೊಂಡು ಏನೂ ಮಾಡಲಾರದೆ ನಿಂತೇ ಇದ್ದರು. ಎಷ್ಟು ಸಾಮರ್ಥ್ಯವಿದ್ದರೂ ಸುಮ್ಮನೆ ನಿಂತು ನೋಡಬೇಕಾದ ಗಳಿಗೆಯು ಮನುಷ್ಯನಿಗೆ ಬರುತ್ತದೆ. ಆಸ್ಪತ್ರೆಯ ಮಂಚದ ಬಳಿಯಲ್ಲಿ ನಿಂತ ತಂದೆತಾಯಿಗಳು ಇದನ್ನು ಬಲ್ಲರು.

ಆ ಸೋಲಿನ ಮೇಲೆ ಒಂದು ಪತ್ರಿಕೆಯು ಇಂಗ್ಲೆಂಡಿನ ಕ್ರಿಕೆಟ್ ಸತ್ತುಹೋಯಿತೆಂದೂ ಅದನ್ನು ಸುಟ್ಟ ಬೂದಿಯನ್ನು ಆಸ್ಟ್ರೇಲಿಯಾಕ್ಕೆ ಒಯ್ಯುವರೆಂದೂ ಹಾಸ್ಯವಾಗಿ ಅಚ್ಚುಹಾಕಿತು. ಆ ಚಳಿಗಾಲದಲ್ಲಿಯೇ ಐವೋ ಬ್ಲೈ ಎಂಬವರ ನಾಯಕತ್ವದಲ್ಲಿ ಹೊರಟ ತಂಡದಲ್ಲಿ ಚಾರ್ಲ್ಸರೂ ಜಾರ್ಜರೂ ಇದ್ದರು. ಅವರು ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದು ಆ ಬೂದಿಯನ್ನು ತಿರಿಗಿ ತಂದರೆಂದು ಹೆಸರಾಯಿತು. ಅಲ್ಲಿ ವಿನೋದಕ್ಕಾಗಿ ಕೊಟ್ಟ ಒಂದು ಚಿಕ್ಕ ಕರಂಡಕವು ಈಗ ಲಂಡನಿನ ಲಾರ್ಡ್ಸ್ ಎಂಬ ಬೈಲಿನ ವಸ್ತುಸಂಗ್ರಹದಲ್ಲಿದೆ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಸ್ಟಡ್ಡರ ಮನೆತನದ ಹೆಸರನ್ನು ಇಂದಿಗೂ ಓದಬಹುದು. ಲೋಕವು ಕೊಡುವ ಕೀರ್ತಿಯು ಕಡೆಗೆ ಒಂದು ಹಿಡಿ ಬೂದಿ, ಒಂದು ಚೀಟಿ.

ಇದನ್ನು ಚಾರ್ಲ್ಸರು ಕಲಿತದ್ದು ಆಟದ ಬೈಲಿನಲ್ಲಿ ಅಲ್ಲ, ರೋಗಿಯ ಕೋಣೆಯಲ್ಲಿ. ೧೮೮೩ರ ಕಡೆಯಲ್ಲಿ ಅಣ್ಣನಾದ ಜಾರ್ಜರು ಕಠಿಣವಾದ ರೋಗದಲ್ಲಿ ಬಿದ್ದು ಮರಣದ ಬಾಗಿಲಿಗೆ ಬಂದರು. ಚಾರ್ಲ್ಸರು ಹಗಲಿರುಳು ಮಂಚದ ಬಳಿಯಲ್ಲಿ ಕೂತುಕೊಂಡು, ತಮ್ಮ ಒಡಹುಟ್ಟಿದವನಿಗೆ ಈಗ ಜನರ ಹೊಗಳಿಕೆಯಿಂದಾಗಲಿ ಐಶ್ವರ್ಯದಿಂದಾಗಲಿ ಏನು ಲಾಭವೆಂದು ಯೋಚಿಸಿದರು. ಅಣ್ಣನಿಗೆ ಆಗ ಬೇಕಾದದ್ದು ಸತ್ಯವೇದವೂ ಯೇಸುಸ್ವಾಮಿಯೂ ಮಾತ್ರವೆಂದು ಕಣ್ಣಾರೆ ಕಂಡರು. ದೇವರು ಕರುಣಿಸಿ ಜಾರ್ಜರನ್ನು ಎಬ್ಬಿಸಿದನು. ಚಾರ್ಲ್ಸರು ಆ ಕೋಣೆಯಿಂದ ಹೊರಗೆ ಬಂದಾಗ ಬೇರೆ ಮನುಷ್ಯರಾಗಿದ್ದರು. ಮೂಡಿಯವರ ಕೂಟಗಳಿಗೆ ಹೋಗಿ, ತಮ್ಮ ಸಂಗಡ ಆಡುತ್ತಿದ್ದವರನ್ನೂ ಕರಕೊಂಡು ಹೋದರು. ಇಷ್ಟು ದಿವಸ ಚೆಂಡಾಟವು ತಮಗೆ ವಿಗ್ರಹವಾಗಿತ್ತೆಂದು ತಿಳಿದು ಅದನ್ನು ಸಿಂಹಾಸನದಿಂದ ಇಳಿಸಿದರು. ಇಲ್ಲಿ ಓದುಗರು ಒಂದು ಮಾತನ್ನು ಗಮನಿಸಬೇಕು. ಅವರು ಬಿಟ್ಟದ್ದು ಆಟವು ಪಾಪವಾದದ್ದರಿಂದಲ್ಲ, ಅದು ದೇವರ ಸ್ಥಳದಲ್ಲಿ ಕೂತಿದ್ದರಿಂದ.

೧೮೮೫ನೆಯ ಇಸವಿ ಫೆಬ್ರವರಿ ೫ನೆಯ ತಾರೀಖಿನಲ್ಲಿ, ಕೇಂಬ್ರಿಜಿನ ಏಳು ಮಂದಿ ಎಂದು ಪ್ರಸಿದ್ಧರಾದ ಏಳು ಯುವಕರು ಹಡ್ಸನ್ ಟೇಲರರ ಚೀನಾ ಒಳನಾಡಿನ ಮಿಶನ್ನಿಗೆ ಸೇರಿ ಹಡಗು ಹತ್ತಿದರು. ಅವರಲ್ಲಿ ಸ್ಟಡ್ಡರೂ ಒಬ್ಬರು. ಚೀನಾದಲ್ಲಿ ಆ ಜನರ ಉಡುಪನ್ನೇ ಉಟ್ಟು, ಅವರ ಊಟವನ್ನೇ ಉಂಡು, ಅವರ ಭಾಷೆಯನ್ನು ಕಲಿತು, ಕಾಲ್ನಡೆಯಾಗಿ ಊರೂರು ತಿರುಗಿದರು.

ಇಪ್ಪತ್ತೈದು ವರುಷ ತುಂಬಿದಾಗ ತಂದೆಯ ಆಸ್ತಿಯಲ್ಲಿ ಅವರ ಪಾಲಿಗೆ ಸುಮಾರು ೨೯,೦೦೦ ಪೌಂಡುಗಳು ಬಂದವು. ಅದು ಆ ಕಾಲದಲ್ಲಿ ದೊಡ್ಡ ಐಶ್ವರ್ಯ. ಅದೆಲ್ಲವನ್ನೂ ಕರ್ತನ ಕೆಲಸಕ್ಕೆ ಕೊಡಬೇಕೆಂದು ನಿಶ್ಚಯಿಸಿ, ಚೀನಾದಲ್ಲಿದ್ದ ಇಂಗ್ಲಿಷ್ ಸರಕಾರದ ಅಧಿಕಾರಿಯ ಬಳಿಗೆ ಕಾಗದಕ್ಕೆ ರುಜು ಮಾಡಿಸಲಿಕ್ಕೆ ಹೋದರು. ಆತನು ಇವರ ಬುದ್ಧಿ ಕೆಟ್ಟಿದೆಯೋ ಏನೋ ಎಂದು ನೆನಸಿ, ಎರಡು ವಾರ ಯೋಚಿಸಿ ಬರಬೇಕೆಂದು ಕಳುಹಿಸಿಬಿಟ್ಟನು. ಎರಡು ವಾರಗಳಾದ ಮೇಲೆ ಇವರು ಅದೇ ಕಾಗದವನ್ನು ತಕ್ಕೊಂಡು ಹಾಜರಾದರು. ೧೮೮೭ರ ಜನವರಿ ೧೩ರಂದು ದಾನದ ಚೆಕ್ಕುಗಳು ಹೊರಟವು. ಮೂಡಿಯವರಿಗೆ ೫,೦೦೦, ಅನಾಥರ ತಂದೆಯೆನಿಸಿಕೊಂಡ ಜಾರ್ಜ್ ಮುಲ್ಲರರಿಗೆ ೫,೦೦೦, ಲಂಡನಿನ ಬಡವರ ಕೇರಿಯ ಕೆಲಸಕ್ಕೆ ೫,೦೦೦, ಭಾರತದಲ್ಲಿ ರಕ್ಷಣ್ಯಸೈನ್ಯದ ಸೇವೆಯನ್ನು ನಡಿಸುತ್ತಿದ್ದ ಬೂತ್ ಟಕ್ಕರರಿಗೆ ೫,೦೦೦, ಉಳಿದದ್ದು ಇತರ ಸೇವೆಗಳಿಗೆ. ತಿರ್ಹುತಿನ ನೀಲಿಯ ಹಣದಲ್ಲಿ ಒಂದು ಪಾಲು ಹೀಗೆ ನಮ್ಮ ದೇಶದ ಬಡವರ ಬಳಿಗೆ ತಿರಿಗಿ ಬಂತು.

೧೮೮೮ರಲ್ಲಿ ಅವರು ಐರ್ಲೆಂಡಿನಿಂದ ಬಂದ ಪ್ರಿಸಿಲ್ಲಾ ಲಿವಿಂಗ್‌ಸ್ಟನ್ ಸ್ಟುವರ್ಟ್ ಎಂಬ ಮಿಶನರಿ ಅಮ್ಮನವರನ್ನು ಮದುವೆಯಾದರು. ಮದುವೆಗೆ ಮುಂಚೆ, ಉಳಿದಿದ್ದ ಮೂರು ಸಾವಿರಕ್ಕೆ ಮಿಕ್ಕ ಪೌಂಡುಗಳನ್ನು ಮದುವಳಗಿತ್ತಿಯ ಕೈಯಲ್ಲಿ ಇಟ್ಟಾಗ ಆಕೆಯು, ಐಶ್ವರ್ಯವಂತನಾದ ಯೌವನಸ್ಥನಿಗೆ ಕರ್ತನು ಎಷ್ಟನ್ನು ಮಾರಲಿಕ್ಕೆ ಹೇಳಿದನೆಂದು ನೆನಪು ಮಾಡಿ, ಅದನ್ನೂ ಕೊಡಿಸಿಬಿಟ್ಟಳು. ಹೀಗೆ ಕೈಯಲ್ಲಿ ಏನೂ ಇಲ್ಲದ ಇಬ್ಬರು ಸಂಸಾರವನ್ನು ಆರಂಭಿಸಿದರು. ಚೀನಾದ ಶಾನ್ಸಿ ಪ್ರಾಂತ್ಯದಲ್ಲಿ ಅಫೀಮಿಗೆ ದಾಸರಾದವರಿಗೆ ಒಂದು ಆಶ್ರಯವನ್ನು ತೆರೆದರು. ಏಳು ವರುಷಗಳಲ್ಲಿ ಸುಮಾರು ೮೦೦ ಮಂದಿ ಗಂಡಸರೂ ಹೆಂಗಸರೂ ಅಲ್ಲಿಗೆ ಬಂದು ಆರೈಕೆ ಹೊಂದಿದರು.

ಆ ಒಳನಾಡಿನಲ್ಲಿ ವೈದ್ಯರಿಲ್ಲ, ಸೂಲಗಿತ್ತಿಯ ಸಹಾಯವೂ ದೊರೆಯದು. ಅಲ್ಲಿ ಅವರಿಗೆ ಗ್ರೇಸ್, ಡೊರೊತಿ, ಈಡಿತ್, ಪಾಲಿನ್ ಎಂಬ ನಾಲ್ವರು ಹೆಣ್ಣುಮಕ್ಕಳು ಹುಟ್ಟಿದರು. ಹೆಣ್ಣು ಹುಟ್ಟಿದರೆ ಬಿಸಾಡುವ ಪದ್ಧತಿಯು ಆ ದೇಶದಲ್ಲಿ ಇದ್ದದ್ದರಿಂದ, ಹೆಣ್ಣುಕೂಸು ದೇವರ ವರವೆಂದು ಜನರು ಕಾಣಲೆಂದೇ ಕರ್ತನು ತಮಗೆ ನಾಲ್ವರನ್ನು ಕೊಟ್ಟನೆಂದು ಸ್ಟಡ್ಡರು ಎಣಿಸುತ್ತಿದ್ದರು. ಇದಲ್ಲದೆ ದೇವರು ಆ ದಂಪತಿಗಳಿಗೆ ಇಬ್ಬರು ಗಂಡುಮಕ್ಕಳನ್ನೂ ಕೊಟ್ಟನು. ಇಬ್ಬರೂ ಕೂಸುಗಳಾಗಿರುವಾಗಲೇ ತೀರಿಹೋದರು.

ಚರಿತ್ರೆಯನ್ನು ಬರೆಯುವವರು ಈ ಮಾತನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗುತ್ತಾರೆ. ಆಟದಲ್ಲಿ ಹೊಡೆದ ರನ್ನುಗಳಿಗೆ ಲೆಕ್ಕವುಂಟು, ಕೊಟ್ಟ ಪೌಂಡುಗಳಿಗೆ ಲೆಕ್ಕವುಂಟು, ಕೂಸಿಗಾಗಿ ಸುರಿದ ಕಣ್ಣೀರಿಗೆ ಯಾರ ಪುಸ್ತಕದಲ್ಲಿಯೂ ಲೆಕ್ಕವಿಲ್ಲ. ದೇವರು ಮಾತ್ರ ಅದನ್ನು ತನ್ನ ಬುದ್ದಲಿಯಲ್ಲಿ ಕೂಡಿಸಿಡುತ್ತಾನೆಂದು ಕೀರ್ತನೆಗಾರನು ನಂಬಿದ್ದನು. ನಮ್ಮ ಸಭೆಗಳಲ್ಲಿ ತೊಟ್ಟಿಲನ್ನು ಬರಿದು ಮಾಡಿಕೊಂಡ ತಾಯಂದಿರು ಎಷ್ಟು ಮಂದಿಯೋ! ಕೂಸು ಸಣ್ಣದಾಗಿತ್ತು, ಬೇಗ ಮರೆತುಹೋಗುವದೆಂದು ಅವರಿಗೆ ಹೇಳುವವರು ಉಂಟು. ಹಾಗೆ ಹೇಳಬಾರದು. ಒಂದೇ ದಿವಸ ಬದುಕಿದ ಕೂಸಿಗೂ ತಾಯಿಯ ಹೃದಯದಲ್ಲಿ ಒಂದು ಹೆಸರಿರುತ್ತದೆ.

ಗಂಡಹೆಂಡಿರ ದೇಹಗಳು ಚೀನಾದಲ್ಲಿ ಬಹಳ ಬಳಲಿದವು. ೧೮೯೪ರಲ್ಲಿ ನಾಲ್ವರು ಹುಡುಗಿಯರನ್ನು ಕರಕೊಂಡು ಇಂಗ್ಲೆಂಡಿಗೆ ಹಿಂತಿರುಗಿದರು. ಆ ಮೇಲೆ ಅಮೆರಿಕಾದ ವಿದ್ಯಾಪೀಠಗಳಲ್ಲಿ ಸಂಚರಿಸಿ ಯುವಕರನ್ನು ದೇವರ ಸೇವೆಗೆ ಕರೆದರು. ೧೯೦೦ನೆಯ ಇಸವಿಯಲ್ಲಿ ಅವರು ಭಾರತಕ್ಕೆ ಬಂದು ಉದಕಮಂಡಲದ ಯೂನಿಯನ್ ಸಭೆಗೆ ಪಾಲಕರಾದರು. ೧೯೦೬ರ ವರೆಗೆ ಅಲ್ಲಿದ್ದರು.

ನೀಲಗಿರಿಯು ನಮಗೆ ಅನ್ಯವಾದ ಸೀಮೆಯಲ್ಲ. ಅಲ್ಲಿಯ ಬಡಗರ ಮಾತು ಕನ್ನಡದ ಒಡಹುಟ್ಟು. ಬಾಸೆಲ್ ಮಿಶನ್ನವರು ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಕೇತಿಯಲ್ಲಿದ್ದುಕೊಂಡು ಆ ಜನರಿಗೆ ಸುವಾರ್ತೆಯನ್ನು ಹೇಳಿದ್ದರು. ಬೇಸಗೆಯಲ್ಲಿ ಮದ್ರಾಸು ಸರಕಾರವೇ ಉದಕಮಂಡಲಕ್ಕೆ ಏರುತ್ತಿತ್ತು. ಅಧಿಕಾರಿಗಳು, ಚಹಾತೋಟದ ದೊರೆಗಳು, ವೆಲ್ಲಿಂಗ್ಟನ್ ದಂಡಿನ ಸಿಪಾಯಿಗಳು, ದಣಿದು ವಿಶ್ರಾಂತಿಗೆ ಬಂದ ಮಿಶನರಿಗಳು, ಹೀಗೆ ನಾನಾ ತರದ ಜನರು ಅಲ್ಲಿ ಸೇರುತ್ತಿದ್ದರು. ಸ್ಟಡ್ಡರಿಗೆ ಆಗ ಗೂರಲು ರೋಗವು ಬಲವಾಗಿ ಹಿಡಿದಿತ್ತು. ರಾತ್ರಿಯಲ್ಲಿ ಮಲಗಲಾರದೆ ಕೂತೇ ಉಸಿರೆಳೆಯುತ್ತಾ ಬೆಳಗು ಮಾಡಬೇಕಾಗುತ್ತಿತ್ತು. ಆದರೂ ಆದಿತ್ಯವಾರದ ಪ್ರಸಂಗವನ್ನು ಬಿಡಲಿಲ್ಲ. ಆ ಸಭೆಗೆ ಹೋದವರು ಮನಸ್ಸು ತಿರುಗಿಕೊಳ್ಳದೆ ಬರುವದು ಕಷ್ಟವೆಂಬ ಹೆಸರು ಹುಟ್ಟಿತು.

ಈ ವರುಷಗಳಲ್ಲಿಯೇ, ಚೆಂಡಾಟವನ್ನು ಬಿಟ್ಟು ಬಹಳ ಕಾಲವಾಗಿದ್ದ ಸ್ಟಡ್ಡರು ತಿರಿಗಿ ಬ್ಯಾಟನ್ನು ಹಿಡಿದರು. ಅವರಿಗೆ ಆಗ ನಾಲ್ವತ್ತು ದಾಟಿತ್ತು. ತಮ್ಮ ತಂದೆತಾಯಿಗಳನ್ನು ಬಿಟ್ಟು ಸಾವಿರಾರು ಹರದಾರಿ ದೂರ ಬಂದಿದ್ದ ಸಿಪಾಯಿ ಹುಡುಗರ ಸಂಗಡ ಅವರು ಆಡಿದರು. ಹಗಲು ಬೈಲಿನಲ್ಲಿ ಒಂದಾಗಿದ್ದವರು ಸಾಯಂಕಾಲದ ಕೂಟದಲ್ಲಿಯೂ ಇವರ ಮಾತಿಗೆ ಕಿವಿಗೊಡುತ್ತಿದ್ದರು. ಇದು ಸೇವೆಯ ಉಪಾಯ ಮಾತ್ರವೋ ಎಂದು ಕೇಳಿದರೆ, ನಮಗೆ ಹಾಗೆ ತೋರುವದಿಲ್ಲ. ಆಟವನ್ನು ಪ್ರೀತಿಸದವನು ಆ ಪ್ರಾಯದಲ್ಲಿ, ಆ ಉಬ್ಬಸವನ್ನು ಇಟ್ಟುಕೊಂಡು, ಚೆಂಡಿನ ಹಿಂದೆ ಓಡಲಾರನು. ಬೆಟ್ಟದ ತಣ್ಣನೆಯ ಗಾಳಿ, ಹಸುರಾದ ಬೈಲು, ಬ್ಯಾಟಿನ ನಡುವಿಗೆ ಚೆಂಡು ತಗಲಿದ ಶಬ್ದ, ಇವೆಲ್ಲಾ ದೇವರು ಕೊಟ್ಟ ಸಂತೋಷಗಳೇ. ಎರಡು ಕೂಸುಗಳನ್ನು ಮಣ್ಣಿಗೆ ಒಪ್ಪಿಸಿದ ತಂದೆಯು ಆ ಬೈಲಿನಲ್ಲಿ ಪರರ ಗಂಡುಮಕ್ಕಳ ನಡುವೆ ನಿಂತು ಸಂತೋಷಪಟ್ಟನು. ಅದರಿಂದ ತನ್ನ ಮಕ್ಕಳನ್ನು ಮರೆತನೆಂದು ಯಾರು ಹೇಳಾರು?

ಮುಂದಿನ ಸಂಗತಿಯನ್ನು ಬೇಗನೆ ಹೇಳುತ್ತೇವೆ. ೧೯೦೬ರಲ್ಲಿ ಇಂಗ್ಲೆಂಡಿಗೆ ಹೋದ ಬಳಿಕ, ಮಧ್ಯ ಆಫ್ರಿಕಾದಲ್ಲಿ ಸುವಾರ್ತೆಯನ್ನು ಕೇಳದ ಜನಾಂಗಗಳು ಬಹಳವಿವೆಯೆಂದು ತಿಳಿದು, ದೇಹದಲ್ಲಿ ಬಲವಿಲ್ಲದಿದ್ದರೂ, ವೈದ್ಯರು ಬೇಡವೆಂದರೂ, ೧೯೧೩ರಲ್ಲಿ ಆಲ್ಫ್ರೆಡ್ ಬಕ್ಸ್ಟನ್ ಎಂಬ ಯುವಕನ ಸಂಗಡ ಕಾಂಗೋ ಸೀಮೆಗೆ ಹೋದರು. ಅಲ್ಲಿ ಆರಂಭಿಸಿದ ಮಿಶನ್ನು ಈಗ ಅನೇಕ ದೇಶಗಳಲ್ಲಿ ಕೆಲಸ ನಡಿಸುತ್ತದೆ. ಹೆಂಡತಿಯು ರೋಗಿಷ್ಠಳಾಗಿ ಇಂಗ್ಲೆಂಡಿನಲ್ಲಿಯೇ ನಿಂತು ಅಲ್ಲಿಂದ ಮಿಶನ್ನಿಗೆ ಸಹಾಯ ಮಾಡಿದಳು. ೧೯೨೮ರಲ್ಲಿ ಆಕೆಯು ಕಾಂಗೋಕ್ಕೆ ಬಂದಾಗ ಹದಿನೈದು ದಿವಸದ ಮಟ್ಟಿಗೆ ಗಂಡಹೆಂಡಿರು ಒಬ್ಬರ ಮುಖವನ್ನೊಬ್ಬರು ಕಂಡರು. ಮರುವರುಷ ಆಕೆಯು ತೀರಿಹೋದಳು. ಸ್ಟಡ್ಡರು ೧೯೩೧ನೆಯ ಇಸವಿ ಜುಲೈ ೧೬ರಂದು ಇಬಾಂಬಿ ಎಂಬ ಊರಿನಲ್ಲಿ ತಮ್ಮ ಓಟವನ್ನು ಮುಗಿಸಿದರು.

ಭಕ್ತರ ಚರಿತ್ರೆಯಲ್ಲಿ ಅವರ ಕುಂದನ್ನು ಮರೆಮಾಡುವದು ಸತ್ಯವೇದದ ಪದ್ಧತಿಯಲ್ಲ. ಆಫ್ರಿಕಾದ ಕಡೆಯ ವರುಷಗಳಲ್ಲಿ ಸ್ಟಡ್ಡರು ದಿನಕ್ಕೆ ಹದಿನೆಂಟು ತಾಸು ದುಡಿದರು. ವಿಶ್ರಾಂತಿಯ ದಿವಸವನ್ನಾಗಲಿ ಆಟವಿನೋದವನ್ನಾಗಲಿ ತಮಗೂ ಇಟ್ಟುಕೊಳ್ಳಲಿಲ್ಲ, ಜೊತೆಯ ಕೆಲಸದವರಿಗೂ ಬಿಡಲಿಲ್ಲ. ಆ ಭಾರವನ್ನು ಹೊರಲಾರದೆ ಕೆಲವರು ಬಿಟ್ಟುಹೋದರು. ಸ್ವದೇಶದ ಕಮಿಟಿಯವರಿಗೂ ಅವರಿಗೂ ನಡುವೆ ಮನಸ್ತಾಪ ಹುಟ್ಟಿತು. ಕರ್ತನ ಮೇಲಿನ ಅವರ ಪ್ರೀತಿಯನ್ನು ನಾವು ಅನುಸರಿಸೋಣ. ಈ ಕಠಿಣತೆಯನ್ನು ಅನುಸರಿಸಬೇಕಾಗಿಲ್ಲ. ನೀಲಗಿರಿಯ ಬೈಲಿನಲ್ಲಿ ಸಿಪಾಯಿಗಳ ಸಂಗಡ ಆಡಿದ ಸ್ಟಡ್ಡರು, ಕಾಂಗೋದಲ್ಲಿ ಯಾರಿಗೂ ಬಿಡುವು ಕೊಡದ ಸ್ಟಡ್ಡರಿಗಿಂತ ಕಡಿಮೆಯ ಭಕ್ತರಾಗಿದ್ದರೆಂದು ನಾವು 
ನೆನಸುವದಿಲ್ಲ.

ಪ್ರಿಯ ಸಹೋದರ ಸಹೋದರಿಯರೇ, ಈ ಚರಿತ್ರೆಯಿಂದ ನಾವು ಏನು ಕಲಿಯಬೇಕು? ಚೆಂಡಾಟವು ಮೊದಲು ಸ್ಟಡ್ಡರಿಗೆ ವಿಗ್ರಹವಾಗಿತ್ತು. ಆಗ ಅದನ್ನು ಬಿಡಬೇಕಾಯಿತು. ಕರ್ತನು ಸಿಂಹಾಸನದಲ್ಲಿ ಕೂತ ಮೇಲೆ ಅದು ಬರೀ ಮರದ ಬ್ಯಾಟಾಯಿತು, ತೊಗಲಿನ ಚೆಂಡಾಯಿತು. ಆಗ ಅದನ್ನು ಹಿಡಿದು ಸ್ತೋತ್ರ ಮಾಡಬಹುದಾಯಿತು. ದುಃಖದ ವಿಷಯವೂ ಹೀಗೆಯೇ. ಕಣ್ಣೀರು ಪಾಪವಲ್ಲ, ನಮ್ಮ ಸ್ವಾಮಿಯು ಲಾಜರನ ಸಮಾಧಿಯ ಬಳಿಯಲ್ಲಿ ಕಣ್ಣೀರು ಬಿಟ್ಟನು. ಆದರೆ ಇಷ್ಟು ದಿವಸ ಅಳದಿದ್ದರೆ ಪ್ರೀತಿಯಿಲ್ಲ, ಇಷ್ಟರೊಳಗೆ ನಕ್ಕರೆ ದೋಷವೆಂದು ದಿವಸಗಳನ್ನು ಎಣಿಸುವದು ನಾವು ಬಿಟ್ಟುಬಂದ ಹಳೆಯ ನೊಗ. ದಾವೀದನು ಕೂಸು ಜೀವದಿಂದಿದ್ದಾಗ ನೆಲದ ಮೇಲೆ ಬಿದ್ದು ಉಪವಾಸ ಮಾಡಿದನು. ಕೂಸು ಸತ್ತ ಮೇಲೆ ಎದ್ದು ಸ್ನಾನಮಾಡಿ, ದೇವಾಲಯಕ್ಕೆ ಹೋಗಿ ಆರಾಧಿಸಿ, ಮನೆಗೆ ಬಂದು ಊಟಮಾಡಿದನು. ಅವನ ಸೇವಕರಿಗೂ ಇದು ವಿಪರೀತವಾಗಿ ಕಂಡಿತು. ಆದರೆ ತಾನು ಕೂಸಿನ ಬಳಿಗೆ ಹೋಗುವನೆಂಬ ನಿರೀಕ್ಷೆಯು ದಾವೀದನಿಗೆ ಇತ್ತು. ಜೆಕರ್ಯ ಪ್ರವಾದಿಯು ದೇವರು ಕಟ್ಟುವ ಯೆರೂಸಲೇಮನ್ನು ದರ್ಶನದಲ್ಲಿ ಕಂಡಾಗ ಅದರ ಬೀದಿಗಳಲ್ಲಿ ಹುಡುಗರೂ ಹುಡುಗಿಯರೂ ತುಂಬಿಕೊಂಡು ಆಡುತ್ತಿದ್ದರೆಂದು ಎಂಟನೆಯ ಅಧ್ಯಾಯದಲ್ಲಿ ಬರೆದಿದೆ. ಮಕ್ಕಳ ಆಟವು ದೇವರ ಪಟ್ಟಣದ ಗುರುತಾಗಿರುವಾಗ, ಮಗನನ್ನು ಕಳಕೊಂಡ ತಂದೆಯು ಆಟದ ಬೈಲಿಗೆ ಹೋಗಿ ಕೂತದ್ದು ಆಶ್ಚರ್ಯವೋ?

ಇದನ್ನೆಲ್ಲಾ ಯೋಚಿಸಿಕೊಂಡು, ಆ ಆದಿತ್ಯವಾರ ಆರಾಧನೆಯಾದ ಮೇಲೆ ನಾವು ತಿರಿಗಿ ಆ ಸಹೋದರನ ಮನೆಗೆ ಹೋದೆವು. ದುಡುಕಿ ಮಾತಾಡಿದ್ದು ನಮ್ಮ ತಪ್ಪೆಂದು ಹೇಳಿ ಕ್ಷಮೆ ಬೇಡಿದೆವು. ಆಗ ಆತನು ಬಾಯಿಬಿಟ್ಟನು. ತನ್ನ ಮಗನು ಆ ಬೈಲಿನ ಬದಿಯಲ್ಲಿ ನಿಂತು ದೊಡ್ಡ ಹುಡುಗರಿಗೆ ಚೆಂಡನ್ನು ಹೆಕ್ಕಿಕೊಡುತ್ತಿದ್ದನೆಂದೂ, ಮನೆಯಲ್ಲಿ ಕೂತರೆ ಮಗನ ಜ್ವರವೇ ಕಣ್ಣಿಗೆ ಕಟ್ಟುತ್ತದೆಂದೂ, ಆ ದಿವಸ ಬೈಲಿನಲ್ಲಿ ಮಾತ್ರ ಮಗನ ಓಟವು ನೆನಪಿಗೆ ಬಂತೆಂದೂ ಹೇಳಿ ಅತ್ತನು. ನಾವೂ ಅತ್ತೆವು. ಸಾವಿನ ಮನೆಯ ಅಳುವಿಗಿಂತ ಅಂದಿನ ಅಳುವು ಹಗುರಾಗಿತ್ತು.

ಹಿರಿಯರಾದವರೇ, ದುಃಖಪಡುವವರ ನಗುವನ್ನು ಅಳೆಯಬೇಡಿರಿ. ಯೌವನಸ್ಥರೇ, ಆದಿತ್ಯವಾರವನ್ನು ಕರ್ತನಿಗೆ ಬಿಟ್ಟು ಉಳಿದ ದಿವಸಗಳಲ್ಲಿ ನೀವು ಆಡುವಾಗ, ನಿಮ್ಮ ಕೇರಿಯಲ್ಲಿ ಮಗುವನ್ನು ಕಳಕೊಂಡವರು ಇದ್ದರೆ ಅವರನ್ನು ಕರೆದು ಮರದ ನೆರಳಿನಲ್ಲಿ ಒಳ್ಳೇ ಸ್ಥಳವನ್ನು ಕೊಡಿರಿ. ಮಕ್ಕಳನ್ನು ಮಣ್ಣಿಗೆ ಒಪ್ಪಿಸಿದ ತಂದೆತಾಯಿಗಳೇ, ಒಂದು ದಿವಸದ ಸಂತೋಷವು ನಿಮಗೆ ದೊರೆತರೆ ಹೆದರಬೇಡಿರಿ; ಅದು ಮಗುವಿಗೆ ಮಾಡಿದ ದ್ರೋಹವಲ್ಲ, ದೇವರು ದಾರಿಯಲ್ಲಿ ಕೊಟ್ಟ ನೀರು. ಕುಡಿದು ಮುಂದೆ ನಡೆಯಿರಿ. ಆತನೇ ಎಲ್ಲಾ ಕಣ್ಣೀರನ್ನು ಒರಸಿಬಿಡುವ ದಿವಸವು ಬರುತ್ತದೆ. ಅಲ್ಲಿಯ ವರೆಗೆ ನಮ್ಮ ಕರ್ತನಾದ ಯೇಸು ಕ್ರಿಸ್ತನ ಕೃಪೆಯು ಅಳುವವರ ಸಂಗಡಲೂ ನಗುವವರ ಸಂಗಡಲೂ ಇರಲಿ. ಆಮೆನ್.